ಹೊಸ ಲೆಫ್ಟಿನೆಂಟಿಗೆ ಚಿಕ್ಕಪ್ಪನ ಪತ್ರ

ಪ್ರೀತಿಯ ಮಗಾ,

ನಿನಗೆ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಸಿಕ್ಕಿತು ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ತುಂಬಾ ಖುಷಿಯಾಯಿತು. ನಮ್ಮ ಕೊಡಗಿನ ಕಾರ್ಯಪ್ಪನವರು 1949ರಲ್ಲಿ ಕಟ್ಟಿಸಿದ ರೆಜಿಮೆಂಟ್ ಅದು. ಆಗ ಹೆಚ್ಚಿನ ಪಲ್ಟನ್‌ಗಳಲ್ಲಿ, ಅಂದರೆ ಬೆಟಾಲಿಯನ್‌ಗಳಲ್ಲಿ, ಒಂದೇ ಪ್ರಾಂತ್ಯದ, ಒಂದೇ ಸಮುದಾಯದ ಹುಡುಗರು ಇರುತ್ತಿದ್ದರು. ಇವರು ನಾಲ್ಕು ಹಳೇ ಪಲ್ಟನ್ ಸೇರಿಸಿ, ದೇಶದ ಯಾವ ಮೂಲೆಯವನಾದರೂ ಬರಲಿ ಅಂದರು. ಹಾಗಾಗಿ ನಿನ್ನ ಪ್ಲಟೂನಿನಲ್ಲಿ ಮಣಿಪುರ, ಹರಿಯಾಣ, ತಮಿಳುನಾಡು ಎಲ್ಲ ಕಡೆಯವರೂ ಸಿಗಬಹುದು.

ನಾವೆಲ್ಲ ಒಂದೇ ಅಂತ ಭಾಷಣ ಮಾಡಬೇಡ. ಅದನ್ನು ಅವರು ಬೇಕಾದಷ್ಟು ಕೇಳಿರುತ್ತಾರೆ. ನೀನು ಏನು ಮಾಡ್ತೀಯ ಅನ್ನೋದನ್ನೇ ನೋಡುತ್ತಾರೆ.

ಸೈನಿಕರನ್ನು ಒಳಗೆ ಕೂರಿಸಿಕೊಂಡು ಹೋಗುವ ಆ ಉಕ್ಕಿನ ಬಿಎಂಪಿ ಗಾಡಿ ನೆನಪಿಸಿಕೋ. ಗಾಡಿ ನಡೆಸುವ ಮೂವರು, ಜೊತೆಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಏಳು ಜನ, ಕಿವಿಯಲ್ಲಿ ಎಂಜಿನ್ ಸದ್ದು, ಮುಖದ ತುಂಬಾ ಧೂಳು. ಅಂಥ ಹೊತ್ತಲ್ಲಿ ಗಾಬರಿಯಾದರೆ ಯಾರ ಬಾಯಿಗೂ ಬರುವುದು ಅವರವರ ಮನೆಭಾಷೆಯೇ, ಗನ್ನರ್ ತಮಿಳಿನಲ್ಲಿ ಕೂಗಿದರೆ ಹರಿಯಾಣದ ಡ್ರೈವರ್‌ಗೆ ಏನು ತಿಳಿಯಬೇಕು ಹೇಳು? ಅದಕ್ಕೇ ನಿಲ್ಲು, ಎಡಕ್ಕೆ, ಹಿಂದಕ್ಕೆ ಅನ್ನುವ ಚಿಕ್ಕ ಆಜ್ಞೆಗಳನ್ನು ಎಲ್ಲರಿಗೂ ಒಂದೇ ಹಿಂದಿಯಲ್ಲಿ ಗಟ್ಟಿ ಮಾಡಿಸು. ರಾತ್ರಿ ಮಾಡಿಸು, ಸುಸ್ತಾದಾಗಲೂ ಮಾಡಿಸು. ಜೋಡಿಗಳನ್ನು ಅದಲುಬದಲು ಮಾಡುತ್ತಿರು. ಒಂದೇ ಊರ ಕಡೆಯ ಇಬ್ಬರು ಯಾವಾಗಲೂ ಒಟ್ಟಿಗೇ ಸೆಂಟ್ರಿ ಕಾವಲಿಗೆ ಹೋಗುತ್ತಿದ್ದರೆ ಉಳಿದವರು ಹೊರಗಿನವರಾಗಿಬಿಡುತ್ತಾರೆ.

ಲಂಗರ್ ಕಡೆ, ಅಂದರೆ ಜವಾನರ ಅಡುಗೆಮನೆ ಕಡೆ, ಕಣ್ಣಿರಲಿ. ಮಾಂಸದ ಸೌಟು ದಾಲ್‌ಗೆ ಬಿತ್ತು ಅನ್ನೋದು ನಿನಗೆ ಸಣ್ಣ ವಿಷಯ ಅನ್ನಿಸಬಹುದು. ಸಸ್ಯಾಹಾರಿ ಹುಡುಗನಿಗೆ ಅವತ್ತು ಊಟ ಸೇರಲ್ಲ, ತನ್ನ ಮಾತಿಗೆ ಇಲ್ಲಿ ಬೆಲೆಯಿಲ್ಲ ಅಂತ ಮನಸ್ಸಿಗೂ ಬಂದುಬಿಡುತ್ತದೆ. ಬರೀ ರೊಟ್ಟಿ ಮಾಡಿ ಅನ್ನ ಉಣ್ಣುವವರನ್ನು ಮರೆಯೋದೂ ಅಷ್ಟೇ ತಪ್ಪು.

ಇನ್ನೊಂದು ಮಾತು, ಇದು ನಿನಗೆ ಕಷ್ಟ ಆಗಬಹುದು. ಕನ್ನಡದ ಹುಡುಗ ಒಬ್ಬ ಸಿಕ್ಕರೆ ಜೀವ ಬಂದ ಹಾಗಾಗುತ್ತದೆ, ಅಲ್ವಾ? ಆದರೆ ಎಲ್ಲರ ಎದುರು ಅವನ ಜೊತೆ ಕನ್ನಡದಲ್ಲಿ ನಗುತ್ತಾ ಮಾತಾಡಬೇಡ. ನಾಳೆ ನ್ಯಾಯವಾಗಿಯೇ ಅವನಿಗೆ ರಜೆ ಕೊಟ್ಟರೂ ಸಾಹೇಬರ ಕಡೆಯವನು ಅಂತಾರೆ, ಆ ಮಾತು ಅವನಿಗೇ ಜಾಸ್ತಿ ಚುಚ್ಚುತ್ತದೆ. ಮನೆಯಲ್ಲಿ ಕಷ್ಟ ಅಂತ ಬಂದಾಗ ಮಾತ್ರ ಒಬ್ಬನನ್ನೇ ಕೂರಿಸಿಕೊಂಡು ಕನ್ನಡದಲ್ಲೇ ಕೇಳು. ಉಳಿದವರ ಭಾಷೆಯಲ್ಲೂ ನಾಲ್ಕು ಮಾತು ಕಲಿತುಕೋ.

ರಜೆ ಪಟ್ಟಿಯನ್ನು ನಿನ್ನ ಸುಬೇದಾರ್ ಸಾಹೇಬರ ಜೊತೆ ಕೂತು ಈಗಲೇ ಮಾಡು. ದೀಪಾವಳಿ, ಈದ್, ಓಣಂ, ಬಿಹು ಎಲ್ಲ ಮುಂದಿಟ್ಟುಕೊಂಡು ಹೋದ ವರ್ಷ ಹಬ್ಬಕ್ಕೆ ಯಾರು ಹೋಗಲಿಲ್ಲ ಅಂತ ಮೊದಲು ಕೇಳು. ಪಟ್ಟಿಯನ್ನು ಎಲ್ಲರಿಗೂ ಕಾಣುವ ಕಡೆ ಅಂಟಿಸು.

ನಿನ್ನ ಚಿಕ್ಕಪ್ಪ