ಪಾಸ್‌ವರ್ಡ್ ಬಿಡು, ಮೊದಲು ಎರರ್ ಓದು

ಚಿ. ಪುಟ್ಟುವಿಗೆ,

ಮಂಡ್ಯದಿಂದ ನಿನ್ನ ಚಿಕ್ಕಮ್ಮ ಮಾಡುವ ಆಶೀರ್ವಾದಗಳು.

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ, ಸ್ಕ್ರೀನ್‌ಶಾಟ್ ಕೂಡ ನೋಡಿದೆ. ಮುಂಬೈಯಲ್ಲಿರುವ ಸರ್ವರ್‌ನ ಡೇಟಾಬೇಸ್ ಕನೆಕ್ಟ್ ಆಗ್ತಿಲ್ಲ, ಪಾಸ್‌ವರ್ಡ್ ಬದಲಾಯಿಸಿದೆ, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ, ಲ್ಯಾಪ್‌ಟಾಪ್ ಫೈರ್‌ವಾಲನ್ನೂ ಆಫ್ ಮಾಡಿದೆ ಅಂತ ಒಂದೇ ಉಸಿರಿನಲ್ಲಿ ಹೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಫೈರ್‌ವಾಲ್ ಆನ್ ಮಾಡು, ಬೇಡದವರನ್ನು ತಡೆಯುವ ಕಾವಲುಗಾರ ಅದು. ಮಾಡಿ ಬಂದು ಮುಂದಕ್ಕೆ ಓದು.

ನೀನು ಹೇಳಿದ್ದು 'ಕನೆಕ್ಟ್ ಆಗ್ತಿಲ್ಲ' ಅಂತ. ಸ್ಕ್ರೀನ್‌ಶಾಟ್‌ನಲ್ಲಿ ಇರುವುದು 'ಕನೆಕ್ಷನ್ ಟೈಮ್ಡ್ ಔಟ್' ಅಂತ. ಎರಡೂ ಒಂದೇ ಅಲ್ಲ ಕಣೋ. ನಮ್ಮ ಕಡೆ ಗದ್ದೆಗೆ ನೀರು ಬರಲಿಲ್ಲ ಅಂದರೆ ಕನ್ನಂಬಾಡಿ ಬತ್ತಿಹೋಯಿತು ಅಂತ ಯಾರಾದರೂ ಬೊಬ್ಬೆ ಹೊಡೆಯುತ್ತಾರಾ? ನೀರಗಂಟಿ ನಾಲೆ ಏರಿಯ ಮೇಲೆ ನಡೆದು, ಯಾವ ತೂಬಿನ ತನಕ ನೀರಿದೆ ಅಂತ ನೋಡಿಕೊಂಡು ಬರುತ್ತಾನೆ. ಎರರ್ ಮೆಸೇಜ್ ನಿನಗೆ ಹೇಳುವುದೂ ಅಷ್ಟನ್ನೇ, ಎಲ್ಲಿಯ ತನಕ ಹೋದೆ ಅಂತ.

ಸರ್ವರ್ ಹೆಸರೇ ಸಿಗಲಿಲ್ಲ ಅಂತ ಬಂದರೆ ಹೆಸರು ತಪ್ಪು ಟೈಪ್ ಆಗಿದೆ, ಇಲ್ಲವೇ ಹೆಸರಿಗೆ ವಿಳಾಸದ ನಂಬರ್ ಹುಡುಕಿಕೊಡುವ ಡಿಎನ್‌ಎಸ್ ಕೈಕೊಟ್ಟಿದೆ. ನೀನಿನ್ನೂ ಹೊರಟೇ ಇಲ್ಲ. 'ಕನೆಕ್ಷನ್ ರೆಫ್ಯೂಸ್ಡ್' ಅಂದರೆ ಸಾಮಾನ್ಯವಾಗಿ ಒಳ್ಳೆಯ ಸುದ್ದಿ. ಸರ್ವರ್ ಮುಟ್ಟಿದ್ದೀಯ, ಆದರೆ ಆ ಪೋರ್ಟ್‌ನಲ್ಲಿ, ಅಂದರೆ ನೀನು ತಟ್ಟಿದ ನಂಬರಿನ ಬಾಗಿಲಲ್ಲಿ, ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಇದು ತಕ್ಷಣ ಬರುತ್ತದೆ. 'ಪಾಸ್‌ವರ್ಡ್ ಅಥೆಂಟಿಕೇಶನ್ ಫೇಲ್ಡ್' ಅಂತ ಬಂದರೆ ಖುಷಿಪಡು, ನೆಟ್‌ವರ್ಕ್ ಕೆಲಸ ಪೂರ್ತಿ ಮುಗಿದಿದೆ. ಟೈಮ್ಡ್ ಔಟ್ ಮಾತ್ರ ಬೇರೆ ಜಾತಿ. ನೀನು ಕಳಿಸಿದ್ದನ್ನು ದಾರಿಯಲ್ಲಿ ಯಾರೋ ಸುಮ್ನೆ ನುಂಗಿಹಾಕುತ್ತಿದ್ದಾರೆ, ಹೂಂ ಇಲ್ಲ, ಉಹೂಂ ಇಲ್ಲ. ಲಿನಕ್ಸ್ ಆದರೆ ಸುಮಾರು ಎರಡು ನಿಮಿಷ ಕಾಯಿಸಿ ಆಮೇಲೆ ಕೈಚೆಲ್ಲುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಅದು ಫೈರ್‌ವಾಲ್ ಅನ್ನುವುದು ನನ್ನ ಅನುಭವ, ಅದೂ ನಿನ್ನ ಲ್ಯಾಪ್‌ಟಾಪಿನದಲ್ಲ, ಆ ಕಡೆಯದು.

ಈಗ ಹೇಳು, ಪಾಸ್‌ವರ್ಡ್ ಕೇಳುವ ಜಾಗಕ್ಕೇ ನೀನು ಹೋಗಿಲ್ಲದಿರುವಾಗ ಅದನ್ನು ಯಾಕೆ ಬದಲಾಯಿಸಿದೆ?

ಪಿಂಗ್‌ಗೆ, ಅಂದರೆ 'ಇದ್ದೀಯಾ' ಅಂತ ಸರ್ವರನ್ನು ಕೂಗಿ ನೋಡಿದ್ದಕ್ಕೆ, ಉತ್ತರ ಬರುತ್ತಿಲ್ಲ, ಸರ್ವರೇ ಸತ್ತಿದೆ ಅಂತಲೂ ಅಂದೆ. ಪಿಂಗ್ ನಂಬಬೇಡ. ಬಾಡಿಗೆ ಸರ್ವರ್‌ಗಳಲ್ಲಿ ಪಿಂಗ್‌ಗೆ ಉತ್ತರ ಕೊಡದ ಹಾಗೆ ಕಟ್ಟಿಹಾಕಿರುವುದೇ ಜಾಸ್ತಿ. ಪಿಂಗ್ ಬಂದರೂ ಡೇಟಾಬೇಸ್ ಪೋರ್ಟ್ ತೆರೆದಿದೆ ಅಂತ ಅರ್ಥವಲ್ಲ. ಪೋರ್ಟನ್ನೇ ಕೇಳಬೇಕು. ನಿಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಅಲ್ವಾ, ಅದರ ಪೋರ್ಟ್ 5432. ಮೈಎಸ್‌ಕ್ಯೂಎಲ್ ಆಗಿದ್ದರೆ 3306. ಕಮಾಂಡ್ ವಿಂಡೋದಲ್ಲಿ ಟೆಲ್ನೆಟ್ ಅಂತ ಹೊಡೆದು, ಸರ್ವರ್ ಹೆಸರು, ಪೋರ್ಟ್ ನಂಬರ್ ಕೊಡು. ಕೂಡಲೇ ಕನೆಕ್ಷನ್ ಹಿಡಿದುಕೊಂಡರೆ ದಾರಿ ಸರಿ ಇದೆ. ಈ ಒಂದು ಪರೀಕ್ಷೆಯನ್ನು ಹೆಬ್ಬಾಳದ ಆಫೀಸಿನಲ್ಲಿ ಕೂತು ಒಮ್ಮೆ, ಕುವೆಂಪುನಗರದ ರೂಮಿನಲ್ಲಿ ಕೂತು ಒಮ್ಮೆ, ಅದೇ ಲ್ಯಾಪ್‌ಟಾಪಿನಿಂದ ಮಾಡು. ಆಫೀಸಿನಲ್ಲಿ ಹಿಡಿದು ರೂಮಿನಲ್ಲಿ ಹಿಡಿಯದೆ ಹೋದರೆ ಲ್ಯಾಪ್‌ಟಾಪನ್ನು ಬೈಯುವುದು ಬಿಡು.

ನನಗೆ ಅನ್ನಿಸುವುದು ಹಾಗೇ ಆಗಿದೆ ಅಂತ. ಸರ್ವರ್ ಮುಂದಿನ ಫೈರ್‌ವಾಲ್‌ನಲ್ಲಿ ಆಫೀಸಿನ ಪಬ್ಲಿಕ್ ಐಪಿಯನ್ನು, ಅಂದರೆ ಇಂಟರ್ನೆಟ್‌ನಲ್ಲಿ ಆಚೆಯವರಿಗೆ ಕಾಣುವ ವಿಳಾಸವನ್ನು, ಮಾತ್ರ ಬಿಟ್ಟಿರುತ್ತಾರೆ, ನಿನ್ನ ರೂಮಿನ ಐಪಿ ಅವರ ಪಟ್ಟಿಯಲ್ಲಿಲ್ಲ. ಸೇರಿಸಿ ಅಂತ ಕೇಳುವಾಗ 192.168 ಅಂತ ಶುರುವಾಗುವ ನಂಬರ್ ಕೊಡಬೇಡ, ಅದು ಮನೆ ರೂಟರ್ ಒಳಗಿನದು, ಆಚೆ ಯಾರಿಗೂ ಕಾಣುವುದಿಲ್ಲ. ಪಬ್ಲಿಕ್ ಐಪಿ ಕೊಟ್ಟರೂ ಮನೆ ಬ್ರಾಡ್‌ಬ್ಯಾಂಡ್‌ನಲ್ಲಿ ಅದು ಆಗಾಗ ಬದಲಾಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನದನ್ನಂತೂ ಕೊಡಲೇಬೇಡ. ಒಂದೇ ಐಪಿಯನ್ನು ಎಷ್ಟೋ ಗಿರಾಕಿಗಳಿಗೆ ಹಂಚಿರುತ್ತಾರೆ, ನಿನ್ನ ಜೊತೆ ಅವರಿಗೂ ದಾರಿ ಬಿಟ್ಟ ಹಾಗಾಗುತ್ತದೆ.

ಇಲ್ಲೇ ಯಾರಾದರೂ ಒಬ್ಬ ಬುದ್ಧಿವಂತ ಬಂದು '0.0.0.0/0 ಹಾಕಿಬಿಡು ಗುರು, ಎಲ್ಲ ಸರಿಹೋಗುತ್ತೆ' ಅನ್ನುತ್ತಾನೆ. ಸರಿಹೋಗುತ್ತದೆ, ನಿಜ. ಊರಿಗೆಲ್ಲ ಸರಿಹೋಗುತ್ತದೆ! ಅದರ ಅರ್ಥವೇ ಯಾವ ಐಪಿಯಿಂದ ಬೇಕಾದರೂ ಬರಬಹುದು ಅಂತ. ತೆರೆದ ಪೋರ್ಟ್ ಹುಡುಕಿಕೊಂಡು ಹಗಲೂ ರಾತ್ರಿ ಅಲೆಯುವ ಪ್ರೋಗ್ರಾಂಗಳಿವೆ. 'ಟೆಸ್ಟಿಂಗ್‌ಗೆ ಅಷ್ಟೇ' ಅಂತ ತೆರೆದದ್ದನ್ನು ವಾಪಸ್ ಮುಚ್ಚಿದವರನ್ನು ನಾನು ನನ್ನ ನೌಕರಿಯಲ್ಲಿ ಹೆಚ್ಚಾಗಿ ನೋಡಿಲ್ಲ. ನೀನು ವಿಪಿಎನ್ ಕೇಳು, ಇಲ್ಲವೇ ಎಸ್‌ಎಸ್‌ಎಚ್ ಟನಲ್ ಕೇಳು. ಎರಡೂ ಬೀಗ ಹಾಕಿದ ಖಾಸಗಿ ದಾರಿಗಳು. ಟನಲ್ ಆದರೆ ನಿನ್ನ ಲ್ಯಾಪ್‌ಟಾಪಿನ 5433 ಅನ್ನು ಆ ಕಡೆಯ 5432ಕ್ಕೆ ಜೋಡಿಸಿಕೊಂಡು, ಆ್ಯಪ್‌ನಲ್ಲಿ ವಿಳಾಸ 127.0.0.1 (ನಿನ್ನದೇ ಲ್ಯಾಪ್‌ಟಾಪ್), ಪೋರ್ಟ್ 5433 ಅಂತ ಕೊಟ್ಟರಾಯಿತು. ಡೇಟಾಬೇಸ್ ಪೋರ್ಟ್ ಹೊರಗಿನವರಿಗೆ ಕಾಣುವುದೇ ಇಲ್ಲ.

ಮುಂದೆ ನಿನ್ನದೇ ಸರ್ವರ್ ಕಟ್ಟುವ ಕಾಲ ಬಂದಾಗ ರೆಫ್ಯೂಸ್ಡ್ ಅಂತ ಕಾಟ ಶುರುವಾಗುತ್ತದೆ. ಪೋಸ್ಟ್‌ಗ್ರೆಸ್ ಹೊಸದಾಗಿ ಹಾಕಿದಾಗ ತನ್ನ ಮೆಷೀನಿನವರ ಮಾತು ಮಾತ್ರ ಕೇಳುತ್ತದೆ. ಅದರ ಲಿಸನ್ ಅಡ್ರೆಸಸ್ ಸೆಟ್ಟಿಂಗ್ ಬದಲಾಯಿಸಿ, ರೀಸ್ಟಾರ್ಟ್ ಮಾಡಬೇಕು. ಬರೀ ರೀಲೋಡ್, ಅಂದರೆ ನಿಲ್ಲಿಸದೆ ಸೆಟ್ಟಿಂಗ್ ಮತ್ತೆ ಓದಿಸುವುದು, ಸಾಲದು. ಅದಾದ ಮೇಲೆ ಪಿಜಿ ಎಚ್‌ಬಿಎ ಅನ್ನುವ ಫೈಲ್ ಇದೆ, ಯಾವ ಐಪಿಯಿಂದ ಯಾರು ಬರಬಹುದು ಅಂತ. ಅದಕ್ಕೆ ರೀಲೋಡ್ ಸಾಕು. ಅದನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ, ಹೊಂದುವ ಮೊದಲ ಸಾಲಿಗೇ ನಿಂತುಬಿಡುತ್ತದೆ. ನೀನು ಕೊನೆಯಲ್ಲಿ ಎಷ್ಟು ಚೆನ್ನಾಗಿ ಬರೆದರೂ ಮೇಲಿನ ಸಾಲು 'ರಿಜೆಕ್ಟ್' ಅಂದರೆ ಮುಗಿಯಿತು.

ನಾಳೆ ಸರ್ವರ್ ನೋಡಿಕೊಳ್ಳುವವರಿಗೆ ಬರೆಯುವಾಗ 'ಸರ್, ಡಿಬಿ ವರ್ಕ್ ಆಗ್ತಿಲ್ಲ' ಅಂತ ಮಾತ್ರ ಕಳಿಸಬೇಡ. ಯಾವ ಪಬ್ಲಿಕ್ ಐಪಿಯಿಂದ, ಯಾವ ಸರ್ವರ್‌ಗೆ, ಯಾವ ಪೋರ್ಟ್‌ಗೆ, ಎಷ್ಟು ಹೊತ್ತಿಗೆ ಪ್ರಯತ್ನಪಟ್ಟೆ, ಎರರ್ ಅಕ್ಷರಶಃ ಏನು ಬಂತು, ಆಫೀಸಿನಿಂದ ಏನಾಯಿತು, ಇಷ್ಟೂ ಇರಲಿ. ಅವರು ಆ ಹೊತ್ತಿನ ಲಾಗ್, ಅಂದರೆ ಸರ್ವರ್ ಬರೆದಿಟ್ಟ ದಾಖಲೆ, ತೆಗೆದು ನೋಡುತ್ತಾರೆ. ಪೋಸ್ಟ್‌ಗ್ರೆಸ್ ಲಾಗ್‌ನಲ್ಲಿ ನಿನ್ನ ಸುಳಿವೇ ಇಲ್ಲದಿದ್ದರೆ ಅವರೇ ಫೈರ್‌ವಾಲ್ ಕಡೆ ತಿರುಗುತ್ತಾರೆ.

ಇನ್ನೊಂದು ಮಾತು. ಸರ್ವರ್ ತನಕ ಹೋಗದೆ ನೀನು ಪಾಸ್‌ವರ್ಡ್ ಬದಲಾಯಿಸಿದ್ದೆಲ್ಲಿ? ನಿನ್ನ ಆ್ಯಪ್‌ನ ಸೆಟ್ಟಿಂಗ್ಸ್ ಫೈಲ್‌ನಲ್ಲೇ ಇರಬೇಕು. ಸರ್ವರ್‌ನಲ್ಲಿ ಇನ್ನೂ ಹಳೆಯದೇ ಇದೆ. ನಾಳೆ ಅವರು ದಾರಿ ಬಿಟ್ಟ ಕೂಡಲೇ ಪಾಸ್‌ವರ್ಡ್ ಫೇಲ್ಡ್ ಅಂತ ಬರುತ್ತದೆ, ನೀನು ಮತ್ತೆ ನನಗೆ ಫೋನ್ ಮಾಡುತ್ತೀಯ. ಇವತ್ತೇ ಹಳೆಯದನ್ನು ವಾಪಸ್ ಹಾಕಿಡು.

ಇಂತಿ,
ನಿನ್ನ ಚಿಕ್ಕಮ್ಮ