ಎಡಿನ್‌ಬರೋ ಕೋಟೆಯ ಕಲ್ಲುಗುಂಡು

ತೀರ್ಥರೂಪು ಅಪ್ಪನಿಗೆ ಮಗಳು ಮಾಡುವ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಚಳಿ ಜಾಸ್ತಿ, ಅವ್ವ ಕೊಟ್ಟ ಸ್ವೆಟರ್ ಬಿಚ್ಚುವುದೇ ಇಲ್ಲ.

ಭಾನುವಾರ ಇಲ್ಲಿನ ಕೋಟೆಗೆ ಹೋಗಿದ್ದೆ. ಅಲ್ಲಿ ಮಾನ್ಸ್ ಮೆಗ್ ಅನ್ನುವ ಫಿರಂಗಿ ಇದೆ. 1449ರಲ್ಲಿ ಮಾಡಿದ್ದು. ಕಬ್ಬಿಣದ ಪಟ್ಟಿ ಜೋಡಿಸಿ, ಗಾಡಿ ಚಕ್ರಕ್ಕೆ ಪಟ್ಟೆ ಬಿಗಿಯುವ ಹಾಗೆ ಸುತ್ತ ಬಳೆ ಬಿಗಿದಿದ್ದಾರೆ. ಎಲ್ಲರೂ ಅದರ ಫೋಟೋ ತೆಗೆಯುತ್ತಿದ್ದರು. ನಾನು ನಿಂತದ್ದು ಪಕ್ಕದ ಕಲ್ಲುಗುಂಡುಗಳ ಹತ್ತಿರ. ಅದು ಹಾರಿಸುತ್ತಿದ್ದ ಗುಂಡು ಒಂದೊಂದೂ ಸುಮಾರು 150 ಕಿಲೋ!

ದೂರಕ್ಕೆ ನುಣ್ಣಗೆ ಕಾಣುತ್ತೆ. ಬಗ್ಗಿ ನೋಡಿದರೆ ಮೈತುಂಬ ಸಣ್ಣ ಸಣ್ಣ ಗುಳಿ. ಉಳಿ ಏಟು ಅಪ್ಪ, ನಮ್ಮ ಒರಳಿನ ಗುಂಡಿನ ಮೇಲೆ ಇರುತ್ತಲ್ಲ, ಹಾಗೇ.

ಕಬ್ಬಿಣ ಇರಲಿಲ್ವಾ ಅಂತ ಕೇಳ್ತೀರಿ. ಇತ್ತು. ಆದರೆ ಅದೇ ಗಾತ್ರದ ಕಬ್ಬಿಣದ ಗುಂಡು ಕಲ್ಲಿಗಿಂತ ಸುಮಾರು ಎರಡೂವರೆ-ಮೂರು ಪಟ್ಟು ಭಾರ. ಅದನ್ನು ಹಾರಿಸುವಷ್ಟು ಮದ್ದು ತುಂಬಿದರೆ ಫಿರಂಗಿಯೇ ಸಿಡಿಯುವ ಭಯ. ಕಲ್ಲಾದರೂ ಸುಲಭವಲ್ಲ. ಗುಂಡು ಸ್ವಲ್ಪ ದಪ್ಪವಾದರೆ ಒಳಗೇ ಸಿಕ್ಕಿಕೊಳ್ಳುತ್ತೆ. ಸಣ್ಣದಾದರೆ ಮದ್ದಿನ ರಭಸ ಸಂದಿಯಲ್ಲೇ ಸೋರಿಹೋಗುತ್ತೆ. ನೀವು ಗುಂಡನ್ನು ಒರಳಲ್ಲಿಟ್ಟು ತಿರುಗಿಸಿ, ಎಲ್ಲಿ ತಾಗುತ್ತೆ ಅಂತ ಕಿವಿಗೊಟ್ಟು ಕೇಳಿ, ಮತ್ತೆ ಉಳಿ ಹಿಡಿಯುತ್ತಿದ್ದದ್ದು ಕಣ್ಣ ಮುಂದೆ ಬಂತು.

ಅಷ್ಟು ದಿನ ಕೂತು ಕೆತ್ತಿದ್ದು ಒಂದೇ ಏಟಿಗೆ ಯಾರದೋ ಊರಿನ ಗೋಡೆಗೆ ಬಡಿದು ಪುಡಿಯಾಗುತ್ತಿತ್ತು. ಸಂಕಟ ಆಯಿತು. ಆದರೆ 1558ರಲ್ಲಿ ಇಲ್ಲಿನ, ಅಂದರೆ ಸ್ಕಾಟ್ಲೆಂಡಿನ, ರಾಣಿ ಮೇರಿಯ ಮದುವೆ ಸಂಭ್ರಮಕ್ಕೆ ಹಾರಿಸಿದ ಗುಂಡು ಮೂರು ಕಿಲೋಮೀಟರ್ ದೂರ ಬಿತ್ತಂತೆ. ಅದನ್ನು ಹುಡುಕಿ ಕೋಟೆಗೆ ವಾಪಸ್ ತಂದ ಆಳುಗಳಿಗೆ ಕೂಲಿ ಕೊಟ್ಟ ಲೆಕ್ಕ ಉಳಿದಿದೆ. ಕೆತ್ತಿದವನ ಕೆಲಸಕ್ಕೆ ಬೆಲೆ ಇತ್ತು, ಅಲ್ವಾ?

1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಕೋಟೆ ಗೋಡೆ ಒಡೆದದ್ದು ಕಬ್ಬಿಣದ ಗುಂಡುಗಳು. ಅಷ್ಟು ಹೊತ್ತಿಗೆ ಎರಕದ ಗುಂಡು ಅಗ್ಗವಾಗಿ, ಇಲ್ಲಿನ ಕಲ್ಲುಕುಟಿಗರಿಗೆ ಆ ಕೆಲಸವೇ ಇರಲಿಲ್ಲ. ಮಿಕ್ಸಿ ಬಂದ ಮೇಲೆ ನಿಮ್ಮ ಹತ್ತಿರ ಒರಳು ಕೇಳುವವರು ಬರದೇ ಹೋದರಲ್ಲ, ಹಾಗೆ.

ಹಿತ್ತಲಲ್ಲಿರುವ ಒರಳನ್ನು ಯಾರಿಗೂ ಕೊಡಬೇಡಿ. ನಿಮ್ಮ ಉಳಿ, ಸುತ್ತಿಗೆಗಳನ್ನೂ ಅಷ್ಟೇ. ನಾನು ಯುಗಾದಿಗೆ ಬರುತ್ತೇನೆ. ಒರಟು ಕಲ್ಲನ್ನು ದುಂಡಗೆ ಮಾಡುವಾಗ ಮೊದಲ ಏಟು ಎಲ್ಲಿ ಹಾಕುತ್ತೀರಿ, ಅಲ್ಲಿಂದಲೇ ತೋರಿಸಿ. ಬರೆದಿಟ್ಟುಕೊಳ್ಳುತ್ತೇನೆ.

ಇಂತಿ ನಿಮ್ಮ ಮಗಳು