ತಮ್ಮನಿಗೆ ಪತ್ರ: ಹಳೆಯ ಸ್ಕೇಟ್‌ಬೋರ್ಡ್ ಅದಲುಬದಲು ಮಾಡುವ ಮೊದಲು

ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಚಿ. ಸುಹಾಸನಿಗೆ ಅಕ್ಕನ ಆಶೀರ್ವಾದಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಮಂಡಿನೋವು ಹೇಗಿದೆ, ಅಮ್ಮ ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರಾ, ಮುಂದಿನ ಸಲ ಬರಿ.

ನಿನ್ನ ಗೆಳೆಯ ತನ್ನ ದೊಡ್ಡಪ್ಪ ಅಮೆರಿಕದಿಂದ ತಂದಿದ್ದ 80ರ ದಶಕದ ಬೋರ್ಡ್ ಕೊಟ್ಟು, ಅದಕ್ಕೆ ಬದಲಾಗಿ ನಿನ್ನ ಹೊಸ ಇಂಡಿಪೆಂಡೆಂಟ್ ಕಂಪನಿಯ 149 ಟ್ರಕ್ಕುಗಳನ್ನೂ (ಚಕ್ರಗಳನ್ನು ಹಲಗೆಗೆ ಜೋಡಿಸುವ ಲೋಹದ ಭಾಗ) ಚಕ್ರಗಳನ್ನೂ ಕೇಳುತ್ತಿದ್ದಾನೆ ಅಂದೆಯಲ್ಲ, ಆತುರಪಡಬೇಡ. ಅಡಿಭಾಗದ ಚಿತ್ರ ಚೆನ್ನಾಗಿದೆ ಅಂತ ಒಪ್ಪಿಕೊಳ್ಳುವ ವ್ಯವಹಾರ ಅಲ್ಲ ಇದು. ಮೊದಲು ಅಳತೆಯ ಟೇಪು ಹಿಡಿದು ಬೋರ್ಡನ್ನು ಬೋರಲು ಹಾಕು.

ಬೋಲ್ಟಿನ ತೂತುಗಳ ಅಂತರವೇ ಮೊದಲ ಅಳತೆ. ತೂತಿನ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಅಳೆ. ಅಡ್ಡಕ್ಕೆ ಹಳತಾಗಲಿ ಹೊಸತಾಗಲಿ 41 ಮಿ.ಮೀ. ಇರುತ್ತದೆ. ಉದ್ದಕ್ಕೆ ಮಾತ್ರ ಬೇರೆ: 80ರ ದಶಕದ ಬೋರ್ಡಿನಲ್ಲಿ ಎರಡೂವರೆ ಇಂಚು, ಅಂದರೆ 63.5 ಮಿ.ಮೀ.; 90ರ ದಶಕದ ಆರಂಭದಲ್ಲಿ ಬದಲಾದ ಈಗಿನ ಅಳತೆ 54 ಮಿ.ಮೀ. ನಾಲ್ಕೇ ತೂತಿರುವ ಈಗಿನ ಬೇಸ್‌ಪ್ಲೇಟ್, ಅಂದರೆ ಹಲಗೆಗೆ ಕೂರುವ ಟ್ರಕ್ಕಿನ ತಳ, ಹಳೆಯ ಬೋರ್ಡಿಗೆ ಕೂರುವುದಿಲ್ಲ. ಆರು ತೂತಿನದಾದರೆ ಎರಡಕ್ಕೂ ಆಗುತ್ತದೆ. ನಿನ್ನ ಟ್ರಕ್ಕಿನಲ್ಲಿ ಎಷ್ಟಿವೆ ಎಣಿಸು. ನಾಲ್ಕೇ ಇದ್ದರೆ ದಯವಿಟ್ಟು ಬೋರ್ಡಿಗೆ ಡ್ರಿಲ್ ಹಾಕಬೇಡ. ಹಳೆಯ ತೂತಿಗೂ ಹೊಸ ತೂತಿಗೂ ನಡುವೆ ಉಳಿಯುವ ಮರ 5 ಮಿ.ಮೀ. ಕೂಡ ಇರುವುದಿಲ್ಲ. ಓಡಿಸುವಾಗ ಹೊಡೆತವೆಲ್ಲ ಬೀಳುವುದು ಅಲ್ಲಿಗೇ, ಹಾಗಾಗಿ ಒಂದು ತೂತಿನಿಂದ ಇನ್ನೊಂದಕ್ಕೆ ಸೀಳುಬಿಡುತ್ತದೆ. ಬೋರ್ಡೂ ಕೆಟ್ಟಿತು, ಅದರ ಬೆಲೆಯೂ ಹೋಯಿತು.

ಆಮೇಲೆ ಅಗಲ. ಟ್ರಕ್ಕಿನ ಮೇಲಿರುವ 149 ಅನ್ನುವುದು ಹ್ಯಾಂಗರಿನ (ಚಕ್ರಗಳ ಕಂಬಿಯಾದ ಆಕ್ಸಲನ್ನು ಹಿಡಿದಿರುವ ಅಡ್ಡ ಭಾಗ) ಅಗಲ, ಮಿ.ಮೀ. ಲೆಕ್ಕದಲ್ಲಿ. ಆಕ್ಸಲ್ ತುದಿಯಿಂದ ತುದಿಗೆ ಅಳೆದರೆ ಎಂಟೂವರೆ ಇಂಚು. 169 ಅನ್ನುವ ಟ್ರಕ್ಕು ಒಂಬತ್ತರ ಆಸುಪಾಸು, 215 ಅನ್ನುವುದು ಹತ್ತು ಇಂಚು. ಹತ್ತಿಂಚಿನ ಬೋರ್ಡಿಗೆ ನಿನ್ನ 149 ಹಾಕಿದರೆ ಎರಡೂ ಪಕ್ಕದಲ್ಲಿ ಆಕ್ಸಲ್ ಮುಕ್ಕಾಲು ಇಂಚು ಒಳಗೆ ಹೋಗುತ್ತದೆ. ಅಂಚಿನ ಮೇಲೆ ಕಾಲಿಟ್ಟ ತಕ್ಷಣ ಬೋರ್ಡು ಆ ಕಡೆಗೆ ವಾಲುತ್ತದೆ, ನಿಧಾನವಾಗಿ ತಿರುಗುವ ಬದಲು ದಬಕ್ಕನೆ ಬೀಳುತ್ತದೆ. ಆದರೆ ಬೋರ್ಡಿನ ಅತಿ ಅಗಲವಾದ ಜಾಗ ಅಳೆದು ಟ್ರಕ್ಕು ಕೊಳ್ಳುವುದೂ ತಪ್ಪೇ. ಹಳೆಯ ಆಕಾರಗಳು ಮೀನಿನಂತೆ ಮಧ್ಯದಲ್ಲಿ ಉಬ್ಬಿ ಬಾಲದ ಕಡೆಗೆ ಸಣ್ಣಗಾಗುತ್ತವೆ. ಟ್ರಕ್ಕಿನ ಬೋಲ್ಟುಗಳು ಇರುವ ಜಾಗದಲ್ಲಿ, ಮುಂದೆ ಒಂದು ಸಲ, ಹಿಂದೆ ಒಂದು ಸಲ, ಅಂಚಿನಿಂದ ಅಂಚಿಗೆ ಅಳೆ. ಮಧ್ಯದಲ್ಲಿ ಹತ್ತು ಇಂಚು ಇದ್ದು ಹಿಂದಿನ ಚಕ್ರದ ಹತ್ತಿರ ಒಂಬತ್ತೇ ಇದ್ದರೆ 169 ಸಾಕು. ಅಲ್ಲಿ 215 ಹಾಕಿದರೆ ಚಕ್ರ ಹೊರಗೆ ಚಾಚಿಕೊಂಡು, ತಳ್ಳುವಾಗ ಹಿಮ್ಮಡಿಗೆ ಬಡಿಯುತ್ತದೆ. ಎರಡೂ ಕಡೆ ಹತ್ತರ ಹತ್ತಿರ ಇದ್ದರೆ ಮಾತ್ರ 215.

ಹಲಗೆಯನ್ನು ಕಣ್ಣಿನ ಜೊತೆಗೆ ಕಿವಿಯಿಂದಲೂ ನೋಡಬೇಕು. ಏಳು ಪದರದ ಮೇಪಲ್ ಮರವನ್ನು ಅಂಟಿಸಿ ಒತ್ತಿ ಮಾಡಿದ್ದು ಅದು. ಒಂದು ನಾಣ್ಯ ಹಿಡಿದು ಮೂತಿಯಿಂದ ಬಾಲದವರೆಗೆ ಅಂಚಿನುದ್ದಕ್ಕೂ ಕುಟ್ಟುತ್ತಾ ಬಾ. ಟಕ್ ಟಕ್ ಅಂತ ಗಟ್ಟಿ ಸದ್ದು ಬರುತ್ತಿದ್ದದ್ದು ಒಂದು ಕಡೆ ಡೊಬ್ ಅಂದರೆ ಅಲ್ಲಿ ಪದರ ಬಿಟ್ಟಿದೆ ಅಂತ ಅರ್ಥ. ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿದ್ದರೆ ಬಾಲದ ತುದಿಯಲ್ಲೇ ಮೊದಲು ಬಿಡುವುದು. ಆಮೇಲೆ ಬಾಲದ ಕಡೆಯಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡು, ಸೊಟ್ಟಗಾಗಿದ್ದರೆ ಮೂತಿ ಒಂದು ಪಕ್ಕಕ್ಕೆ ಎತ್ತಿರುವುದು ಗೊತ್ತಾಗುತ್ತದೆ. ಹಾಗೆ ತಿರುಚಿದ ಹಲಗೆ ಎಷ್ಟೇ ಚೆನ್ನಾಗಿ ಕಂಡರೂ ನೇರಕ್ಕೆ ಓಡುವುದಿಲ್ಲ. ಬಾಲ ನೆಲಕ್ಕೆ ಉಜ್ಜಿ ಉಜ್ಜಿ ಬ್ಲೇಡಿನಷ್ಟು ತೆಳ್ಳಗಾಗಿದ್ದರೆ ಅದು ಗೋಡೆಗೆ ತೂಗುಹಾಕುವ ಬೋರ್ಡು.

ಅದು ನಿಜಕ್ಕೂ 80ರ ದಶಕದ್ದೇ, ಅಥವಾ ಇತ್ತೀಚೆಗೆ ಮರುಮುದ್ರಣ ಮಾಡಿದ್ದೇ ಅನ್ನುವುದೂ ಮುಖ್ಯ. ಪೊವೆಲ್-ಪೆರಾಲ್ಟಾ, ಸಾಂತಾ ಕ್ರೂಜ್, ವಿಷನ್ ಮೂರೂ ಕಂಪನಿಗಳು ತಮ್ಮ ಹಳೆಯ ಬೋರ್ಡುಗಳನ್ನು ಮತ್ತೆ ಮಾಡಿ ಮಾರುತ್ತಿವೆ. ಅವು ಓಡಿಸುವುದಕ್ಕೆ ಒಳ್ಳೆಯವೇ, ಆದರೆ ಅವಕ್ಕೆ ಮೂಲದ ಬೆಲೆ ಕೊಡಬಾರದು. ಆ ಕಾಲದ ಚಿತ್ರ ಸ್ಕ್ರೀನ್ ಪ್ರಿಂಟು. ಉಗುರು ಆಡಿಸಿದರೆ ಒಂದು ಬಣ್ಣದ ಅಂಚು ಇನ್ನೊಂದರ ಮೇಲೆ ಎದ್ದಿರುವುದು ಸಿಗುತ್ತದೆ. ಚಿತ್ರ ತೆಳು ಹಾಳೆಯಂತೆ ಒಟ್ಟಾಗಿ ಸುಲಿಯುತ್ತಿದ್ದರೆ ಅದು ನಂತರದ ಕಾಲದ್ದು. ಅಡಿಯಲ್ಲಿ ಪ್ಲಾಸ್ಟಿಕ್ ಪಟ್ಟಿಗಳು, ಅಂದರೆ ರೇಲ್‌ಗಳು ಇದ್ದರೆ ಒಂದರ ಸ್ಕ್ರೂ ಬಿಚ್ಚಿ ಕೆಳಗೆ ನೋಡು. ಸುತ್ತಲಿನ ಬಣ್ಣ ಮಾಸಿ, ರೇಲ್ ಕೆಳಗಿನದು ಮಾತ್ರ ಹೊಸದರಂತೆ ಹೊಳೆಯುತ್ತಿದ್ದರೆ ಆ ಬೋರ್ಡು ಬಹಳ ಕಾಲ ರೇಲ್ ಹಾಕಿಕೊಂಡೇ ಬದುಕಿದೆ ಅಂತ ಲೆಕ್ಕ. ಅವೇ ಸ್ಕ್ರೂಗಳನ್ನು ಅವೇ ತೂತಿಗೆ ಕೈಯಿಂದಲೇ ತಿರುಗಿಸಿ ಹಾಕು. ಮೇಲಿನ ಗ್ರಿಪ್ ಟೇಪ್ (ಕಾಲು ಜಾರದಂತೆ ಅಂಟಿಸಿದ ಒರಟು ಹಾಳೆ) ಮಾತ್ರ ಕೀಳಬೇಡ, ಹಳೆಯ ಅಂಟು ಮರದ ಮೇಲ್ಪದರವನ್ನೇ ಎಬ್ಬಿಸಿಕೊಂಡು ಬರುತ್ತದೆ.

ಅವನ ಬೋರ್ಡಿನ ಜೊತೆಗೆ ಬರುವ ಟ್ರಕ್ಕುಗಳ ಬಗ್ಗೆ ನೀನು ಏನೂ ಹೇಳಿಲ್ಲ. ನನಗೆ ಅದರ ಮೇಲೇ ಹೆಚ್ಚು ಕುತೂಹಲ. ಟ್ರ್ಯಾಕರ್, ಗಲ್‌ವಿಂಗ್, ಇಂಡಿಪೆಂಡೆಂಟ್, ಯಾವ ಕಂಪನಿಯದು ಅಂತ ಹ್ಯಾಂಗರ್ ಮೇಲೇ ಎದ್ದ ಅಕ್ಷರದಲ್ಲಿ ಇರುತ್ತದೆ. ಟ್ರ್ಯಾಕರ್ 1975ರಲ್ಲಿ ಶುರುವಾಯಿತು. ಇಂಡಿಪೆಂಡೆಂಟ್ 1978ರಲ್ಲಿ. ಇಂಡಿಪೆಂಡೆಂಟಿನವರು ವಿನ್ಯಾಸ ಬದಲಿಸಿದಾಗಲೆಲ್ಲ ಅದನ್ನು ಒಂದು ಹೊಸ ಸ್ಟೇಜ್ ಅಂತ ಕರೆಯುತ್ತಾರೆ. ಮುಂದಿನದೂ ಹಿಂದಿನದೂ ಒಂದೇ ಸ್ಟೇಜ್ ಇರಬೇಕು. ಇಲ್ಲದಿದ್ದರೆ ಎತ್ತರವೂ ತಿರುಗುವ ರೀತಿಯೂ ಬೇರೆಯಾಗಿ ಬೋರ್ಡು ಮುಂದೆ ಒಂದು ಥರ, ಹಿಂದೆ ಒಂದು ಥರ ಹೋಗುತ್ತದೆ. ಅದಲುಬದಲಿನಲ್ಲೂ ಜೋಡಿ ಕೂಡದ ಟ್ರಕ್ಕಿಗೆ ಅರ್ಧ ಬೆಲೆ ಅಂದುಕೊಳ್ಳಬೇಡ, ಅರ್ಧಕ್ಕಿಂತ ಬಹಳ ಕಡಿಮೆ.

ಚಕ್ರ ಬಿಚ್ಚಿ ಆಕ್ಸಲನ್ನು ಎಡಕ್ಕೂ ಬಲಕ್ಕೂ ತಳ್ಳಿ ನೋಡು. ಜಾರಿದರೆ ಒಳಗಿನ ಹಿಡಿತ ಸಡಿಲವಾಗಿದೆ. ನಟ್ ಬಿಗಿ ಮಾಡುವಾಗ ಒಂದು ಚಕ್ರ ಸಿಕ್ಕಿಕೊಂಡು ಇನ್ನೊಂದು ಅಲ್ಲಾಡುತ್ತದೆ. ಹ್ಯಾಂಗರ್ ಉಜ್ಜಿ ಸವೆದು ಒಳಗಿನ ಆಕ್ಸಲ್ ಕಾಣುತ್ತಿದ್ದರೆ ಬಿಟ್ಟುಬಿಡು. ಬೇಸ್‌ಪ್ಲೇಟಿನಲ್ಲಿ ಕಿಂಗ್‌ಪಿನ್ (ಟ್ರಕ್ಕಿನ ನಡುವಿನ ದಪ್ಪ ಬೋಲ್ಟ್) ಕೂರುವ ಜಾಗದ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡು. ಬುಶಿಂಗ್‌ಗಳು, ಅಂದರೆ ಆ ಬೋಲ್ಟಿನ ಸುತ್ತಲಿನ ಮೆತ್ತನೆಯ ಉಂಗುರಗಳು, ಕಲ್ಲಿನಂತಾಗಿ ಪುಡಿಪುಡಿ ಉದುರುತ್ತಿದ್ದರೆ ಅದಕ್ಕೆ ಗಾಬರಿ ಬೇಡ, ಅಷ್ಟು ವಯಸ್ಸಿಗೆ ಅದು ಸಹಜ. ಹೊಸ 90ಎ ಬುಶಿಂಗು (‘ಎ’ ಅನ್ನುವುದು ಗಡಸುತನದ ಅಳತೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ), ಪಿವಟ್ ಕಪ್ (ಹ್ಯಾಂಗರಿನ ತುದಿ ಕೂರುವ ಸಣ್ಣ ಬಟ್ಟಲು) ಹಾಕಿದರೆ ಟ್ರಕ್ಕು ಮತ್ತೆ ಜೀವ ತಳೆಯುತ್ತದೆ. ತುಂಬ ವಾಲುತ್ತದೆ ಅನ್ನಿಸಿದರೆ ಇನ್ನೂ ಗಟ್ಟಿಯ ಬುಶಿಂಗ್ ಹಾಕು. ಮೆತ್ತನೆಯದನ್ನೇ ಕಿಂಗ್‌ಪಿನ್ ನಟ್ಟಿನಿಂದ ಬಿಗಿಯುತ್ತಾ ಹೋದರೆ ಅದು ಪಕ್ಕಕ್ಕೆ ಉಬ್ಬಿ ಸೀಳುತ್ತದೆ, ತಿರುಗುವುದೂ ಸತ್ತುಹೋಗುತ್ತದೆ.

ಚಕ್ರಗಳು ಮೂಲದವೇ ಆಗಿದ್ದರೆ, ಉದಾಹರಣೆಗೆ ರ‍್ಯಾಟ್ ಬೋನ್ಸ್ ಅಥವಾ ಸ್ಲೈಮ್ ಬಾಲ್ಸ್, ನಾಲ್ಕೂ ಒಂದೇ ಅಳತೆ, ಒಂದೇ ಗಡಸುತನ, ಅಚ್ಚು ಅಳಿಸದೆ ಇದ್ದರೆ, ಅವನ್ನು ಓಡಿಸದೆ ಎತ್ತಿಡು. ಹಳೆಯ ಯುರೆಥೇನ್ ಹಳದಿಯಾಗಿ ಗಟ್ಟಿಯಾಗಿರುತ್ತದೆ, ಒಂದು ಜಲ್ಲಿಕಲ್ಲಿಗೆ ಬಡಿದರೆ ಚೂರೇ ಹಾರಿಹೋಗುತ್ತದೆ. ಮೈಸೂರಿನ ಟಾರು ರಸ್ತೆಗೆ ನೀನು ಹಾಕಬೇಕಾದ್ದು 60ರಿಂದ 65 ಮಿ.ಮೀ., 78ಎ. ಮೆತ್ತಗಿರುವುದರಿಂದ ಜಲ್ಲಿಯ ಅದುರು ಕಾಲಿಗೆ ಬರುವುದಿಲ್ಲ. 97ಎ ಚಕ್ರ ಸ್ಕೇಟ್‌ಪಾರ್ಕಿನ ನುಣುಪು ಕಾಂಕ್ರೀಟಿಗೆ.

ಚಕ್ರ ದೊಡ್ಡದಾದಷ್ಟೂ ಅದು ಹಲಗೆಯ ಅಡಿಗೆ ತಾಗಿ ಗಕ್ಕನೆ ನಿಲ್ಲುವ ಅಪಾಯ ಹೆಚ್ಚು. ಅದನ್ನು ತಪ್ಪಿಸಲು ಟ್ರಕ್ಕಿಗೂ ಹಲಗೆಗೂ ನಡುವೆ ರೈಸರ್ ಅನ್ನುವ ದಪ್ಪ ಪಟ್ಟಿ: 56ರಿಂದ 58 ಮಿ.ಮೀ. ಚಕ್ರಕ್ಕೆ 1/8 ಇಂಚು, 60ರಿಂದ 65ಕ್ಕೆ ಕಾಲು ಇಂಚು, ಅದಕ್ಕಿಂತ ದೊಡ್ಡದಕ್ಕೆ ಅರ್ಧ ಇಂಚು. ಬೋಲ್ಟಿನ ಉದ್ದವೂ ಜೊತೆಗೇ ಬೆಳೆಯುತ್ತದೆ. ರೈಸರ್ ಇಲ್ಲದಿದ್ದರೆ 1 ಇಂಚು, ಕಾಲು ಇಂಚಿನ ರೈಸರಿಗೆ ಒಂದೂವರೆ ಇಂಚು. ನಟ್ಟಿನೊಳಗಿನ ನೈಲಾನ್ ದಾಟಿ ಎರಡು ಸುತ್ತು ಥ್ರೆಡ್ ಹೊರಗೆ ಕಾಣಬೇಕು, ನೈಲಾನ್ ಹಿಡಿಯದಿದ್ದರೆ ನಟ್ಟು ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಎಲ್ಲ ಜೋಡಿಸಿದ ಮೇಲೆ ಚಕ್ರಗಳಿಗೆ ಸೀಮೆಸುಣ್ಣ ಬಳಿದು, ಗೋಡೆ ಹಿಡಿದು ಬೋರ್ಡಿನ ಮೇಲೆ ನಿಂತು ಎರಡೂ ಪಕ್ಕಕ್ಕೆ ಪೂರ್ತಿ ಭಾರ ಹಾಕು. ತಿರುಗಿಸಿ ನೋಡಿದಾಗ ಅಡಿಯಲ್ಲಿ ಬಿಳಿ ಗೆರೆ ಬಿದ್ದಿದ್ದರೆ ರೈಸರ್ ಸಾಲದು ಅಥವಾ ಬುಶಿಂಗ್ ಮೆತ್ತಗಿದೆ. ರಸ್ತೆಗಿಳಿಯುವ ಮೊದಲೇ ಇದು ಗೊತ್ತಾಗಬೇಕು.

ಬೇರಿಂಗ್ ನಾನು ಕಳಿಸುವ ಅಗತ್ಯವೇ ಇಲ್ಲ. ಸ್ಕೇಟ್‌ಬೋರ್ಡಿನದೂ ಸಾಮಾನ್ಯ 608 ಬೇರಿಂಗೇ: ಒಳಗೆ 8, ಹೊರಗೆ 22, ದಪ್ಪ 7 ಮಿ.ಮೀ. ಬೇರಿಂಗ್ ಮಾರುವ ಅಂಗಡಿಯಲ್ಲಿ 608 ಟೂ ಆರ್‌ಎಸ್ ಅಂತ ಕೇಳಿದರೆ ರಬ್ಬರ್ ಮುಚ್ಚಳದ್ದು ಕೊಡುತ್ತಾರೆ, ಎಂಟು ಬೇಕು. ಗ್ರೀಸ್ ಇರುವುದರಿಂದ ಮೊದಲು ಸ್ವಲ್ಪ ಮಂದ ಅನ್ನಿಸುತ್ತದೆ, ನಮ್ಮ ಧೂಳಿಗೆ ಅದೇ ಒಳ್ಳೆಯದು. ಎರಡು ಬೇರಿಂಗ್ ನಡುವಿನ ಸ್ಪೇಸರ್ ಸಿಗದಿದ್ದರೆ ಲೇತ್ ಅಂಗಡಿಯಲ್ಲಿ 10 ಮಿ.ಮೀ. ಉದ್ದ, 8 ಮಿ.ಮೀ. ಆಕ್ಸಲ್ ಸಲೀಸಾಗಿ ಹೋಗುವ ತೂತು ಅಂತ ಹೇಳಿ ನಾಲ್ಕು ಮಾಡಿಸು. ಅದಿಲ್ಲದೆ ನಟ್ ಬಿಗಿದರೆ ಬೇರಿಂಗ್ ಅಡ್ಡಕ್ಕೆ ಒತ್ತಿಕೊಂಡು ಬೇಗ ಕೆಡುತ್ತದೆ. ಹೊರಗೆ ಹಾಕುವ ಸಣ್ಣ ವಾಷರಿನ ಬದಲು ಮಾಮೂಲಿ ಎಂ8 ವಾಷರ್ ಹಾಕಬೇಡ. ಅದು ಅಗಲ ಜಾಸ್ತಿಯಾಗಿ ಬೇರಿಂಗಿನ ಮುಚ್ಚಳಕ್ಕೆ ಉಜ್ಜುತ್ತದೆ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಆಕ್ಸಲ್ ನಟ್ಟಿನದು. ಆಕ್ಸಲ್ 5/16 ಇಂಚಿನದು, ಇಂಚಿಗೆ 24 ಥ್ರೆಡ್. ನೋಡುವುದಕ್ಕೆ 8 ಮಿ.ಮೀ.ನಂತೆಯೇ ಇರುವುದರಿಂದ ಅಂಗಡಿಯವರು ಎಂ8 ನಟ್ ಕೊಡುತ್ತಾರೆ. ಅದು ಒಂದು ಸುತ್ತು ಹತ್ತುತ್ತದೆ, ಆಮೇಲೆ ಸ್ಪ್ಯಾನರಿನಿಂದ ಒತ್ತಿದರೆ ಆಕ್ಸಲಿನ ಥ್ರೆಡ್ಡನ್ನೇ ತಿಂದುಹಾಕುತ್ತದೆ. ಕೈಯಿಂದ ಸಲೀಸಾಗಿ ಹೋಗದ ನಟ್ಟನ್ನು ಬಲವಂತ ಮಾಡಲೇಬೇಡ. ಅಪ್ಪನ ಪೆಟ್ಟಿಗೆಯಲ್ಲಿರುವ 13ರ ಸ್ಪ್ಯಾನರ್ ಆಕ್ಸಲ್ ನಟ್ಟಿಗೆ ಆಗುತ್ತದೆ. ಕಿಂಗ್‌ಪಿನ್ನಿಗೆ 14 ಹೋಗುವುದಿಲ್ಲ, 15 ಜಾರಿ ಮೂಲೆ ಸವೆಸುತ್ತದೆ.

ಈಗ ವ್ಯವಹಾರಕ್ಕೆ ಬರುತ್ತೇನೆ. ಬೋರ್ಡು ಮೂಲದ್ದು, ಟ್ರಕ್ಕು ಜೋಡಿ ಸರಿ, ಚಕ್ರ ನಾಲ್ಕೂ ಒಂದೇ ಅಂತಾದರೆ ನಿನ್ನ 149 ಮತ್ತು ಚಕ್ರ ಕೊಟ್ಟುಬಿಡು, ನಷ್ಟವಿಲ್ಲ. ಹಲಗೆ ಮಾತ್ರ ಮೂಲದ್ದು, ಟ್ರಕ್ಕು ಸವೆದಿದೆ ಅಂದರೆ ಚಕ್ರ ಮಾತ್ರ ಕೊಡು, ಟ್ರಕ್ಕು ಇಟ್ಟುಕೋ. ಪದರ ಬಿಟ್ಟಿದ್ದರೆ ಯಾವುದೂ ಬೇಡ. ಅವನು ನಿನ್ನ ಗೆಳೆಯ, ಆದ್ದರಿಂದ ಇದು ಬೆಲೆಬಾಳುವ ವಸ್ತು ಆಗಿರಬಹುದು ಅಂತ ಅವನಿಗೂ ಮೊದಲೇ ಹೇಳು. ಅವನ ದೊಡ್ಡಪ್ಪನ ಒಪ್ಪಿಗೆ ಇಲ್ಲದೆ ಮುಟ್ಟಬೇಡ.

ಕಾಲೇಜಿಗೆ ಹೋಗಿಬರಲು ಹೇಗೂ ಬೇರೆಯೇ ಒಂದು ಕ್ರೂಸರ್, ಅಂದರೆ ರಸ್ತೆಯಲ್ಲಿ ಓಡಾಡುವ ಬೋರ್ಡು, ಬೇಕು. ಸುಮಾರು ಎಂಟೂವರೆ ಇಂಚು ಅಗಲ, 28 ಇಂಚಿನ ಸುಮಾರು ಉದ್ದದ ಮರದ ಹಲಗೆ ಸಿಕ್ಕಿದರೆ 149 ಅದಕ್ಕೇ ಸರಿಹೋಗುತ್ತದೆ, ಅದಕ್ಕಾಗಿಯೂ ಯೋಚಿಸು. ಅನಿಲನ ಹತ್ತಿರ ಇರುವ 22 ಇಂಚಿನ ಪ್ಲಾಸ್ಟಿಕ್ ಬೋರ್ಡಿನ ಟ್ರಕ್ಕುಗಳು ಇದಕ್ಕೆ ತೀರ ಕಿರಿದು.

ನಿನ್ನ ಭಾವ ಡಿಸೆಂಬರಿನಲ್ಲಿ ಊರಿಗೆ ಬರುತ್ತಾರೆ. ಬುಶಿಂಗು, ಪಿವಟ್ ಕಪ್ಪು, ಆಕ್ಸಲ್ ನಟ್ಟು, ಕಿಂಗ್‌ಪಿನ್ ನಟ್ಟಿಗೂ ಆಗುವ ಸ್ಕೇಟ್ ಟೂಲು, ಅಮ್ಮನ ಸಮಾಧಾನಕ್ಕೂ ನಿನ್ನ ತಲೆಗೂ ಒಂದು ಹೆಲ್ಮೆಟ್, ಇಷ್ಟು ಅವರ ಕೈಲಿ ಕಳಿಸುತ್ತೇನೆ. ಬುಶಿಂಗಿನ ಆಕಾರ ಟ್ರಕ್ಕಿನಿಂದ ಟ್ರಕ್ಕಿಗೆ ಬೇರೆ. ಹಾಗಾಗಿ ಹ್ಯಾಂಗರ್ ಮೇಲಿನ ಅಕ್ಷರ, ಬೇಸ್‌ಪ್ಲೇಟಿನ ಅಡಿ, ಟೇಪು ಹಿಡಿದ ತೂತುಗಳು, ಬಾಲದ ಅಂಚು, ಈ ನಾಲ್ಕು ಫೋಟೋ ನವೆಂಬರ್ ಮುಗಿಯುವುದರೊಳಗೆ ಕಳಿಸು. ಹೆಲ್ಮೆಟ್ಟಿಗೆ ಹುಬ್ಬಿನ ಮೇಲಿಂದ ತಲೆಯ ಸುತ್ತಳತೆ ಸೆಂ.ಮೀ.ನಲ್ಲಿ ಬರಿ.

ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇತಿ ನಿನ್ನ ಪ್ರೀತಿಯ ಅಕ್ಕ,
ಸುಧಾ